ಸಾಕ್ಷಿಗೆ ಸಿಗದ ಅಪರಾಧ

ಪತ್ತೇದಾರಿ ಕಥೆಗೂ ಸೂಪರ್‌ಹೀರೊಗಳ ಕಥೆಗೂ ಜಾತಕ ಕೂಡುವುದಿಲ್ಲ. ಒಂದರ ಬಲವೆಲ್ಲ ಕಣ್ಣಿನಲ್ಲಿ, ಇನ್ನೊಂದರ ಬಲ ತೋಳಿನಲ್ಲಿ. ಪತ್ತೇದಾರ ಕಾಯುತ್ತಾನೆ, ನೋಡುತ್ತಾನೆ, ಸಾಕ್ಷ್ಯದ ಚೂರುಗಳನ್ನು ಒಂದೊಂದಾಗಿ ಹೊಂದಿಸಿ ಕೊನೆಗೊಮ್ಮೆ ಅಪರಾಧಿಯತ್ತ ಬೆರಳು ತೋರಿಸುತ್ತಾನೆ. ಸೂಪರ್‌ಹೀರೊವಿಗೆ ಅಷ್ಟು ವ್ಯವಧಾನವಿಲ್ಲ. ಗೋಡೆಯನ್ನೇ ಒಡೆದು ಒಳಹೊಗಬಲ್ಲವನಿಗೆ ಬೀಗದ ಮೇಲಿನ ಬೆರಳಚ್ಚಿನ ಗೊಡವೆ ಯಾಕೆ? ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಓದಿನ ರುಚಿ ಕಂಡವರಿಗೆ ಈ ಅಂತರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುರುಷೋತ್ತಮ ಆಕಾಶದಲ್ಲಿ ಹಾರಬಲ್ಲವನಾಗಿದ್ದರೆ ಆ ಕಾದಂಬರಿಗಳು ಹತ್ತು ಪುಟಕ್ಕೆ ಮುಗಿದುಹೋಗುತ್ತಿದ್ದುವು.

ಅಮೆರಿಕೆಯ ‘ಜೆಸ್ಸಿಕಾ ಜೋನ್ಸ್’ ಎಂಬ ಟೆಲಿವಿಷನ್ ಮಾಲೆ ಈ ಎರಡನ್ನೂ ಒಂದೇ ಹಸೆಯ ಮೇಲೆ ಕೂರಿಸಿದೆ. ಆ ಮದುವೆ ಎಷ್ಟರಮಟ್ಟಿಗೆ ಬಾಳಿತು, ಎಲ್ಲಿ ಮುರಿಯಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಕಥೆಯ ಕೊನೆಯನ್ನು ಹೇಳದೆ ಈ ವಿಚಾರ ನಡೆಯುವಂತಿಲ್ಲ. ಇನ್ನೂ ನೋಡಬೇಕೆಂದಿರುವವರು ಕ್ಷಮಿಸಬೇಕು.

ಮೂಲ ಕಥೆ ಬ್ರಯನ್ ಮೈಕೇಲ್ ಬೆಂಡಿಸ್ ಬರೆದು ಮೈಕೇಲ್ ಗೇಡೋಸ್ ಚಿತ್ರಿಸಿದ ‘ಏಲಿಯಸ್’ ಎಂಬ ಚಿತ್ರಕಥಾ ಪತ್ರಿಕೆಯದು. 2001ರಿಂದ 2004ರವರೆಗೆ ಅದು 28 ಸಂಚಿಕೆಗಳಲ್ಲಿ ಬಂದಿತು. ಮಾರ್ವೆಲ್ ಸಂಸ್ಥೆ ಅದನ್ನು ಮಕ್ಕಳಿಗಾಗಿ ಅಲ್ಲ, ವಯಸ್ಕರಿಗೆಂದೇ ಪ್ರಕಟಿಸಿತು. ಮೆಲಿಸ್ಸಾ ರೋಸೆನ್‌ಬರ್ಗ್ ಎಂಬ ಲೇಖಕಿ ಅದನ್ನು ತೆರೆಗೆ ತಂದರು. ಮೊದಲ ಪರ್ವದ 13 ಕಂತುಗಳು 2015ರ ನವೆಂಬರ್ 20ರಂದು ನೆಟ್‌ಫ್ಲಿಕ್ಸ್‌ನಲ್ಲಿ ಒಟ್ಟಿಗೇ ಹೊರಬಂದುವು. ಆ ವರ್ಷದ ಪೀಬಾಡಿ ಪ್ರಶಸ್ತಿಗಳಲ್ಲಿ ಒಂದು ಇದಕ್ಕೆ ದೊರೆಯಿತು. ಮುಂದೆ 2018ರಲ್ಲಿ, 2019ರಲ್ಲಿ ಇನ್ನೆರಡು ಪರ್ವಗಳು ಬಂದುವು. ನನ್ನ ಮಾತು ಮುಖ್ಯವಾಗಿ ಮೊದಲನೆಯದನ್ನು ಕುರಿತದ್ದು. ಕೃತಿಯ ಜೀವವಿರುವುದು ಅದರಲ್ಲಿ.

ನ್ಯೂಯಾರ್ಕ್ ನಗರದ ಹೆಲ್ಸ್ ಕಿಚನ್ ಎಂಬ ಕೇರಿಯಲ್ಲಿ ಜೆಸ್ಸಿಕಾಳ ಕಚೇರಿಯೂ ಮನೆಯೂ ಒಂದೇ. ಬಾಗಿಲಿನ ಗಾಜು ಒಡೆದಿದೆ. ಒಡೆದವಳು ಅವಳೇ, ಹಣ ಕೊಡಲು ತಕರಾರು ಮಾಡಿದ ಕಕ್ಷಿಗಾರನ ತಲೆಯಿಂದ! ಕಾರನ್ನು ಎತ್ತಿ ಹಿಡಿಯಬಲ್ಲ ಬಲ ಅವಳಿಗಿದೆ. ಆದರೆ ಅವಳ ಹೊಟ್ಟೆಪಾಡು ನಡೆಯುವುದು ಕ್ಯಾಮೆರಾದಿಂದ. ದಾರಿತಪ್ಪಿದ ಗಂಡಂದಿರನ್ನೂ ಹೆಂಡಂದಿರನ್ನೂ ರಾತ್ರಿಯ ಹೊತ್ತು ಹಿಂಬಾಲಿಸಿ, ಎದುರು ಕಟ್ಟಡದ ಕಬ್ಬಿಣದ ಮೆಟ್ಟಿಲ ಮೇಲೆ ಕುಳಿತು ಅವರ ಚಿತ್ರ ತೆಗೆಯುವುದು ಅವಳ ಕಸುಬು. ಕುಡಿಯುತ್ತಾಳೆ, ನಿದ್ರೆಗೆಡುತ್ತಾಳೆ, ಎದೆ ಬಡಿತ ಹೆಚ್ಚಾದಾಗ ಬಾಲ್ಯದಲ್ಲಿ ತಾನು ವಾಸವಾಗಿದ್ದ ಬೀದಿಗಳ ಹೆಸರನ್ನು ಜಪದಂತೆ ಹೇಳಿಕೊಳ್ಳುತ್ತಾಳೆ. ಕ್ರಿಸ್ಟನ್ ರಿಟರ್ ಈ ಪಾತ್ರವನ್ನು ಒಂದಿಷ್ಟೂ ಮೆತ್ತಗಾಗಿಸದೆ ನಡೆಸಿದ್ದಾರೆ. ನೋಡುವವರ ಪ್ರೀತಿಯನ್ನು ಯಾಚಿಸದ ನಟನೆ ಅದು. ಅದಕ್ಕೇ ಮರುಕ ತಾನಾಗಿ ಹುಟ್ಟುತ್ತದೆ.

ಕ್ಯಾಮೆರಾದ ಮಾತನ್ನು ನಾನು ಸುಮ್ಮನೆ ಎತ್ತಲಿಲ್ಲ. ಜನ ಮನಸ್ಸಿಟ್ಟು, ಮರೆಯಲ್ಲಿ ಮಾಡಿದ್ದಕ್ಕೆ ಆಕೆ ಸಾಕ್ಷ್ಯ ಒದಗಿಸುತ್ತಾಳೆ. ಆಕೆಯ ಬಾಳನ್ನು ಕೆಡಿಸಿದ್ದಾದರೋ ಬಯಲಿನಲ್ಲಿ ನಡೆದ, ಮನಸ್ಸಿಲ್ಲದೆ ಮಾಡಿದ ಕೃತ್ಯಗಳು. ಕ್ಯಾಮೆರಾ ಮೈಯನ್ನು ಹಿಡಿಯಬಲ್ಲುದು, ಮನಸ್ಸನ್ನು ಹಿಡಿಯಲಾರದು. ಈ ಮಾಲೆಯ ನಿಜವಾದ ವಸ್ತು ಇದೇ ಎಂದು ನನ್ನ ಅಭಿಪ್ರಾಯ.

ಆ ಕೃತ್ಯಗಳ ಹಿಂದಿರುವವನು ಕಿಲ್‌ಗ್ರೇವ್. ಅವನ ಆಯುಧ ಮಾತು. ಅವನು ಹೇಳಿದ್ದನ್ನು ಕೇಳಿದವರು ಮಾಡಲೇಬೇಕು. ನಮ್ಮ ಕಡೆ ವಶೀಕರಣವೆಂದು ಕರೆಯುವ ವಿದ್ಯೆ ಇದು. ಆದರೆ ಇಲ್ಲಿ ಮಂತ್ರವಿಲ್ಲ, ನಿಂಬೆಹಣ್ಣಿಲ್ಲ, ಅವನ ಮೈಯಿಂದ ಗಾಳಿಯಲ್ಲಿ ಹಬ್ಬುವ ವೈರಸ್ಸೇ ಕಾರಣವೆಂದು ಕಥೆ ವಿವರಿಸುತ್ತದೆ. 1964ರಲ್ಲಿ ‘ಡೇರ್‌ಡೆವಿಲ್’ ಪತ್ರಿಕೆಯಲ್ಲಿ ಈ ಖಳ ಮೊದಲು ಕಾಣಿಸಿಕೊಂಡಾಗ ಅವನ ಚರ್ಮವೇ ನೇರಳೆ ಬಣ್ಣದ್ದಾಗಿತ್ತು. ತೆರೆಯ ಮೇಲೆ ಆ ಬಣ್ಣ ಅವನ ಉಡುಪಿಗೆ ಇಳಿದಿದೆ. ಇದು ಔಚಿತ್ಯವರಿತ ಬದಲಾವಣೆ. ಬಣ್ಣದ ಚರ್ಮದವನನ್ನು ಬೀದಿಯಲ್ಲಿ ಗುರುತಿಸಬಹುದು. ಒಳ್ಳೆಯ ಕೋಟು ತೊಟ್ಟು, ನಯವಾಗಿ ಮಾತಾಡುವ ಡೇವಿಡ್ ಟೆನೆಂಟರನ್ನು ಹೇಗೆ ಗುರುತಿಸುವುದು? ಅವರ ಕಿಲ್‌ಗ್ರೇವ್ ಅಬ್ಬರಿಸುವುದಿಲ್ಲ. ಕಾಫಿ ತರಹೇಳುವ ದನಿಯಲ್ಲೇ ಸಾಯಹೇಳುತ್ತಾನೆ.

ಅವನ ಕ್ರೌರ್ಯದ ಅಳತೆ ತಿಳಿಯುವುದು ದೊಡ್ಡ ಕೊಲೆಗಳಲ್ಲಲ್ಲ. ಅವನಿಂದ ನೊಂದವರು ಒಂದೆಡೆ ಸೇರಿ ತಮ್ಮ ತಮ್ಮ ಕಥೆ ಹೇಳಿಕೊಳ್ಳುವ ಸನ್ನಿವೇಶವೊಂದಿದೆ. ಒಬ್ಬ ತನ್ನ ಮೇಲಂಗಿಯನ್ನು ಕಳಚಿ ಕೊಟ್ಟಿದ್ದಾನೆ. ಇನ್ನೊಬ್ಬ ಅವನಿಗೆ ಕಾರು ನಡೆಸಲೆಂದು ತನ್ನ ಹಸುಗೂಸನ್ನು ರಸ್ತೆಯ ಬದಿಯಲ್ಲಿ ಬಿಟ್ಟುಹೋಗಿದ್ದಾನೆ. ಕಿಲ್‌ಗ್ರೇವ್‌ಗೆ ಎರಡೂ ಒಂದೇ. ಅವನಿಗೆ ಹಗೆಯೂ ಇಲ್ಲ, ಮರೆತೂ ಬಿಟ್ಟಿದ್ದಾನೆ. ಕೊಟ್ಟವರಿಗೆ ಮಾತ್ರ ಒಂದು ಪ್ರಶ್ನೆ ಉಳಿದಿದೆ: ಕೈ ನನ್ನದು, ಕಾಲು ನನ್ನದು, ಮಾಡಿದವನು ನಾನಲ್ಲವೆಂದು ಹೇಗೆ ಹೇಳಲಿ?

ಆ ಪ್ರಶ್ನೆಯನ್ನು ಕಥೆ ಹೋಪ್ ಎಂಬ ಕಾಲೇಜು ಹುಡುಗಿಯ ಕೊರಳಿಗೆ ಕಟ್ಟುತ್ತದೆ. ಮೊದಲ ಕಂತಿನಲ್ಲಿಯೇ ಅವಳು ಅವನ ಆಜ್ಞೆಗೆ ಒಳಗಾಗಿ ತನ್ನ ತಂದೆತಾಯಿಯರನ್ನು ಲಿಫ್ಟಿನಲ್ಲಿ ಗುಂಡಿಕ್ಕಿ ಕೊಲ್ಲುತ್ತಾಳೆ. ಪಿಸ್ತೂಲು ಅವಳ ಕೈಯಲ್ಲಿದೆ, ಹೆಣಗಳು ಅವಳ ಮುಂದಿವೆ. ಕಾನೂನಿಗೆ ಇನ್ನೇನು ಬೇಕು? ಅವಳು ನಿರಪರಾಧಿಯೆಂದು ಬಲ್ಲವಳು ಜೆಸ್ಸಿಕಾ ಒಬ್ಬಳೇ, ಯಾಕೆಂದರೆ ಅವಳೂ ತಿಂಗಳುಗಟ್ಟಲೆ ಅದೇ ಮಾತಿನ ಸೆರೆಯಲ್ಲಿದ್ದವಳು, ಅದೇ ಮಾತಿಗೆ ಒಬ್ಬ ಹೆಂಗಸನ್ನು ಕೊಂದವಳು. ಇಲ್ಲಿಂದ ಪತ್ತೇದಾರಿಕೆಗೆ ವಿಚಿತ್ರವಾದ ಭಾರ ಬೀಳುತ್ತದೆ. ಅಪರಾಧಿ ಯಾರೆಂಬುದು ಮೊದಲೇ ಗೊತ್ತು, ಗೊತ್ತುಮಾಡಿಕೊಡಬೇಕಾದುದು ಅಪರಾಧವನ್ನು. ಕಿಲ್‌ಗ್ರೇವ್‌ನನ್ನು ಕೊಲ್ಲುವುದು ಜೆಸ್ಸಿಕಾಳ ತೋಳಿಗೆ ಸುಲಭ. ಆದರೆ ಅವನು ಸತ್ತರೆ ಹೋಪ್‌ಳ ನಿರಪರಾಧವೂ ಅವನೊಂದಿಗೆ ಮಣ್ಣಾಗುತ್ತದೆ. ಅವನು ಬದುಕಿದ್ದಷ್ಟು ದಿನವೂ ಇನ್ನೊಬ್ಬರಾರೋ ಸಾಯುತ್ತಾರೆ. ಒಬ್ಬ ಹುಡುಗಿಯ ಸತ್ಯಕ್ಕಾಗಿ ಎಷ್ಟು ಜೀವಗಳನ್ನು ಒತ್ತೆಯಿಡಬಹುದು? ಸೂಪರ್‌ಹೀರೊ ಕಥೆಗಳಲ್ಲಿ ಇಂಥ ಕಠಿಣವಾದ ಧರ್ಮಸಂಕಟವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಾಕ್ಷ್ಯಕ್ಕಾಗಿ ಆಕೆ ನಡೆಸುವ ಪ್ರಯತ್ನಗಳೇ ಮಾಲೆಯ ಅತ್ಯುತ್ತಮ ಭಾಗ. ಒಮ್ಮೆ ಪೊಲೀಸ್ ಠಾಣೆಯಲ್ಲಿ ಅವನು ಎಲ್ಲ ಪೊಲೀಸರೂ ಪಿಸ್ತೂಲು ಎತ್ತಿ ತಮಗೂ ಪರಸ್ಪರರಿಗೂ ಗುರಿಯಿಟ್ಟು ನಿಲ್ಲುವಂತೆ ಮಾಡುತ್ತಾನೆ. ಹೋಗುವಾಗ ಇದೆಲ್ಲ ತಮಾಷೆಯೆಂದು ತಿಳಿಯಿರೆಂದು ಹೇಳಿ ಹೋಗುತ್ತಾನೆ. ಠಾಣೆಯೆಲ್ಲ ನಗುತ್ತದೆ! ಕಾನೂನಿನ ಮನೆಯಲ್ಲೇ ಅಪರಾಧ ನಡೆದು, ನೂರು ಕಣ್ಣು ನೋಡಿ, ಒಂದು ಸಾಕ್ಷಿಯೂ ಉಳಿಯುವುದಿಲ್ಲ. ಮುಂದೆ ಜೆಸ್ಸಿಕಾ ಅವನನ್ನು ದನಿ ಹೊರಬಾರದ ಗಾಜಿನ ಕೋಣೆಯಲ್ಲಿ ಕೂಡಿಹಾಕಿ, ಕ್ಯಾಮೆರಾ ಇಟ್ಟು, ನೆಲದ ನೀರಿಗೆ ವಿದ್ಯುತ್ತು ಹರಿಸಿ ಅವನ ಬಾಯಿಂದ ಸತ್ಯ ಕಕ್ಕಿಸಲು ಹೊರಡುತ್ತಾಳೆ. ಹಿಂಸೆಯಿಂದ ಹಿಂಡಿದ ಮಾತು ನ್ಯಾಯಾಲಯದಲ್ಲಿ ನಿಲ್ಲದೆಂಬುದು ಎಲ್ಲರಿಗೂ ತಿಳಿದದ್ದೇ. ಬಲಾತ್ಕಾರದ ವಿರುದ್ಧ ಸಾಕ್ಷ್ಯ ಕೂಡಿಸಹೊರಟವಳು ತಾನೇ ಬಲಾತ್ಕಾರಕ್ಕಿಳಿದಳಲ್ಲಾ ಎಂದು ನೋಡುವವನ ಮನಸ್ಸು ಚುರುಕ್ಕೆನ್ನುತ್ತದೆ. ಲೇಖಕಿ ಇದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳಿಸುವುದಿಲ್ಲ, ಹೇಳಿಸದಿರುವುದೇ ಸೊಗಸು.

ಇದಕ್ಕೂ ಮೊದಲು ಇನ್ನೊಂದು ಸೂಕ್ಷ್ಮವಾದ ಏರ್ಪಾಡು ಬರುತ್ತದೆ. ನೆರೆಮನೆಯ ಮಾಲ್ಕಮ್ ಎಂಬ ಹುಡುಗನನ್ನು ಕಿಲ್‌ಗ್ರೇವ್‌ನ ಹಿಡಿತದಿಂದ ಬಿಡಿಸಲು ಜೆಸ್ಸಿಕಾ ದಿನಕ್ಕೊಂದು ತನ್ನ ಚಿತ್ರವನ್ನು ತೆಗೆದು ಅವನಿಗೆ ಕಳಿಸಲು ಒಪ್ಪುತ್ತಾಳೆ. ಚಿತ್ರದಲ್ಲಿ ಮುಗುಳುನಗೆ ಇರಬೇಕೆಂಬುದು ಕರಾರು. ಆ ಚಿತ್ರಗಳ ಕಂತೆಯನ್ನು ನ್ಯಾಯಾಧೀಶರ ಮುಂದಿಟ್ಟರೆ ಏನೆಂದು ಸಾಕ್ಷಿ ಹೇಳೀತು? ಹೆಣ್ಣು ಒಪ್ಪಿದ್ದಳು, ನಕ್ಕಿದ್ದಳು ಎಂದಲ್ಲವೆ? ಪರರ ಗುಟ್ಟನ್ನು ಕ್ಯಾಮೆರಾದಲ್ಲಿ ಹಿಡಿದು ಬದುಕುವವಳು ತನ್ನ ಮೇಲಿನ ಸುಳ್ಳುಸಾಕ್ಷ್ಯವನ್ನು ತನ್ನ ಕೈಯಿಂದಲೇ ತೆಗೆದು ಕಳಿಸಬೇಕಾಯಿತು.

ಕಿಲ್‌ಗ್ರೇವ್‌ನ ವಾದವೂ ಅದೇ. ಜೆಸ್ಸಿಕಾಳ ಬಾಲ್ಯದ ಮನೆಯನ್ನು ಕೊಂಡು, ಗೋಡೆಯ ಚಿತ್ರಗಳವರೆಗೆ ಮೊದಲಿದ್ದಂತೆಯೇ ಅಣಿಮಾಡಿ ಅವಳನ್ನು ಅಲ್ಲಿ ಇರಿಸಿಕೊಂಡಾಗ, ಒಳ್ಳೆಯ ಹೋಟೆಲು, ಒಳ್ಳೆಯ ಊಟ, ಒಳ್ಳೆಯ ಉಡುಪು ಕೊಡಲಿಲ್ಲವೇ ಎಂದು ಕೇಳುತ್ತಾನೆ. ಅದಕ್ಕೆ ಆಕೆ ಹೆದರದೆ ಅದರ ನಿಜವಾದ ಹೆಸರನ್ನು ಹೇಳುತ್ತಾಳೆ: ಅತ್ಯಾಚಾರ. ಅವನು ಆ ಹೆಸರಿಗೆ ಬೆಚ್ಚುತ್ತಾನೆ, ಮಾಡಿದ್ದಕ್ಕಲ್ಲ. ಇನ್ನೊಮ್ಮೆ, ನನ್ನ ಆಜ್ಞೆಯ ಅವಧಿ ತೀರಿದಾಗಲೂ ನೀನು ಓಡಿಹೋಗದೆ ನಿಂತೆಯಲ್ಲ ಎಂದು ಚುಚ್ಚುತ್ತಾನೆ. ಹದಿನೆಂಟು ಸೆಕೆಂಡು ಸ್ವತಂತ್ರಳಾಗಿದ್ದ ಆ ಗಳಿಗೆ ಆಕೆಗೂ ನೆನಪಿದೆ. ಆದರೆ ನೆನಪು ಬೇರೆ. ಹಾರಿಹೋಗಬೇಕೆಂದು ತವಕಿಸಿದ್ದಳು, ಅಷ್ಟರಲ್ಲಿ ಮತ್ತೆ ಮಾತು ಬಂತು. ಕೇಳದಿದ್ದ ಕಿವಿಯನ್ನು ಕತ್ತರಿಸಿಕೊ ಎಂದು ಅವನು ಆಜ್ಞಾಪಿಸಿದ್ದರ ಗಾಯದ ಗುರುತನ್ನು ಅವಳು ಕಿವಿಯ ಹಿಂದೆ ತೋರಿಸುತ್ತಾಳೆ. ಹದಿಮೂರು ಕಂತುಗಳಲ್ಲಿ ಮನಸ್ಸಿಗೆ ಮೈಯೇ ಸಾಕ್ಷಿ ನುಡಿಯುವುದು ಅಲ್ಲೊಂದೇ ಕಡೆ. ಯಾಕೆ ಕೂಗಲಿಲ್ಲ, ಯಾಕೆ ಬಿಟ್ಟುಬರಲಿಲ್ಲ ಎಂದು ಹೆಂಗಸರನ್ನು ಕೇಳುವ ಲೋಕಕ್ಕೆಲ್ಲ ಈ ಉತ್ತರ ಸಲ್ಲುತ್ತದೆ.

ಖಳನೊಬ್ಬನಿಗೆ ಪಾಪವನ್ನೆಲ್ಲ ಹೊರಿಸಿ ಉಳಿದವರನ್ನು ತೊಳೆದಿಡುವ ಸುಲಭದ ದಾರಿಯನ್ನೂ ಕೃತಿ ಹಿಡಿದಿಲ್ಲ. ಜೆಸ್ಸಿಕಾ ಕೊಂದದ್ದು ಲ್ಯೂಕ್ ಕೇಜ್ ಎಂಬವನ ಹೆಂಡತಿಯನ್ನು. ಆ ಸಂಗತಿಯನ್ನು ಮುಚ್ಚಿಟ್ಟು ಅವಳು ಅವನ ಪ್ರೀತಿಯನ್ನು ಪಡೆಯುತ್ತಾಳೆ. ತಿಳಿಯದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ? ವಕೀಲೆ ಹೋಗಾರ್ತ್ ತನ್ನ ವಿಚ್ಛೇದನಕ್ಕೆ ನೆರವಾದೀತೆಂದು ಕಿಲ್‌ಗ್ರೇವ್‌ನನ್ನೇ ಬಿಡಿಸುತ್ತಾಳೆ. ಜೆಸ್ಸಿಕಾಳ ಸಾಕುತಂಗಿಯಂಥ ಗೆಳತಿ ಟ್ರಿಶ್‌ಳನ್ನು ಹೆತ್ತ ತಾಯಿಯೇ ಎಳವೆಯಲ್ಲಿ ತೆರೆಯ ಮೇಲಿನ ಬೊಂಬೆಯಾಗಿಸಿದ್ದಳು. ಕಿಲ್‌ಗ್ರೇವ್‌ನ ವಿದ್ಯೆಯ ಚಿಲ್ಲರೆ ಎಲ್ಲರ ಜೇಬಿನಲ್ಲೂ ಇದೆ.

ಇಷ್ಟು ಗುಣ ಹೇಳಿದ ಮೇಲೆ ದೋಷವನ್ನೂ ಹೇಳಬೇಕು. ಹದಿಮೂರು ಕಂತುಗಳ ಹೊಟ್ಟೆ ತುಂಬಿಸಲು ಖಳನನ್ನು ಹಿಡಿಯುವುದು, ಕೈಬಿಡುವುದು, ಮತ್ತೆ ಹಿಡಿಯುವುದು ಬೇಸರ ಬರುವಷ್ಟು ಸಲ ನಡೆಯುತ್ತದೆ. ಬಣ್ಣಬಣ್ಣದ ಮಾತ್ರೆ ನುಂಗಿ ಹುಚ್ಚೇರುವ ಪೊಲೀಸಿನವ ಸಿಂಪ್ಸನ್‌ನ ಉಪಕಥೆ ಬೇರೊಂದು ಕೃತಿಯಿಂದ ಹಾರಿಬಂದಂತಿದೆ. ಆದರೆ ಇವು ಸಣ್ಣ ದೋಷಗಳು. ದೊಡ್ಡದು ಹೋಪ್‌ಳ ಸಾವು. ಹತ್ತನೆಯ ಕಂತಿನಲ್ಲಿ ಕಿಲ್‌ಗ್ರೇವ್‌ನೇ ಅವಳನ್ನು ಸೆರೆಯಿಂದ ಹೊರಗೆ ತರುತ್ತಾನೆ. ತಾನು ಬದುಕಿರುವ ತನಕ ಜೆಸ್ಸಿಕಾಳ ಕೈ ಕಟ್ಟಿರುತ್ತದೆಂದು ಅರಿತು ಹುಡುಗಿ ಗಾಜಿನ ಚೂರಿನಿಂದ ಕೊರಳು ಕೊಯ್ದುಕೊಳ್ಳುತ್ತಾಳೆ. ದೃಶ್ಯ ಹೃದಯವಿದ್ರಾವಕವೇನೋ ಹೌದು. ಆದರೆ ಧರ್ಮಸಂಕಟ ಬಗೆಹರಿಯಲಿಲ್ಲ. ಅದನ್ನು ಹೊತ್ತವಳನ್ನು ದೃಶ್ಯದಿಂದ ಒಯ್ದುಬಿಟ್ಟರು. ಇನ್ನು ಸಾಕ್ಷ್ಯ ಯಾರಿಗೂ ಬೇಡ. ಅಲ್ಲಿಗೆ ಪತ್ತೇದಾರಿಣಿ ಸೋತು ಹಿಂದೆ ಸರಿದಳು, ಸೂಪರ್‌ಹೀರೊ ಮುಂದೆ ಬಂದಳು.

ಕೊನೆಯ ದೃಶ್ಯವನ್ನು ಕಟ್ಟಿರುವ ಜಾಣತನವನ್ನು ಅಲ್ಲಗಳೆಯಲಾರೆ. ಅವನ ಮಾತು ತನಗೀಗ ತಟ್ಟದೆಂಬುದನ್ನು ಬಚ್ಚಿಟ್ಟು ಜೆಸ್ಸಿಕಾ ಅವನೆದುರು ಬೊಂಬೆಯಂತೆ ನಿಲ್ಲುತ್ತಾಳೆ. ನಗು ಎನ್ನುತ್ತಾನೆ, ನಗುತ್ತಾಳೆ. ಪ್ರೀತಿಸುತ್ತೇನೆಂದು ಹೇಳು ಎನ್ನುತ್ತಾನೆ. ಆ ಮಾತನ್ನು ಅವನಿಗಲ್ಲ, ಟ್ರಿಶ್‌ಳ ಕಡೆ ನೋಡಿ ಹೇಳುತ್ತಾಳೆ. ಅದು ಗೆಳತಿಯರಿಬ್ಬರೂ ಮೊದಲೇ ಗೊತ್ತುಮಾಡಿಕೊಂಡಿದ್ದ ಸಂಕೇತ. ಮರುಕ್ಷಣ ಅವನ ಕುತ್ತಿಗೆ ಮುರಿಯುತ್ತಾಳೆ. ಬಲವಂತದ ನಗೆ, ಬಲವಂತದ ಪ್ರೀತಿಯ ಮಾತು ಎರಡನ್ನೂ ಅವಳು ಮರಳಿ ತನ್ನದಾಗಿಸಿಕೊಂಡಳು. ನನಗೂ ಆ ಗಳಿಗೆಯಲ್ಲಿ ಸಮಾಧಾನವಾಯಿತು. ಆದರೆ ತೀರ್ಪು ಕುತ್ತಿಗೆಯಿಂದ ಹುಟ್ಟಿತು, ಸತ್ಯದಿಂದಲ್ಲ. ಹೋಪ್ ನಿರಪರಾಧಿಯೆಂದು ತುಂಬಿದ ನ್ಯಾಯಾಲಯದಲ್ಲಿ ಯಾರೂ ಹೇಳಲಿಲ್ಲ. ಆ ಒಂದು ಮಾತಿಗಾಗಿ ಹತ್ತು ಕಂತು ಕಾದ ನೋಡುಗನಿಗೆ ಬಾಕಿ ಉಳಿಯಿತು.

ಎರಡನೆಯ ಪರ್ವ ಜೆಸ್ಸಿಕಾಳ ತಾಯಿಯನ್ನು ಮರಳಿ ತರುತ್ತದೆ. ಅದರ ಹದಿಮೂರು ಕಂತುಗಳನ್ನೂ ಮಹಿಳೆಯರೇ ನಿರ್ದೇಶಿಸಿದರೆಂಬುದು ಗಮನಾರ್ಹ. ಮೂರನೆಯದರಲ್ಲಿ ಟ್ರಿಶ್ ತಾನೇ ದುಷ್ಟಶಿಕ್ಷಣಕ್ಕೆ ಹೊರಟು ಕೊಲೆಗೆ ಇಳಿಯುತ್ತಾಳೆ, ಜೆಸ್ಸಿಕಾ ಅವಳನ್ನು ಹಿಡಿದು ಕಾನೂನಿಗೆ ಒಪ್ಪಿಸುತ್ತಾಳೆ. ನೋಡಬಹುದಾದ ಭಾಗಗಳು ಇವೆ. ಆದರೆ ಮೊದಲಿನ ಬಿಗಿ ಇಲ್ಲ. ಒಂದು ಮಾತ್ರ ಹೇಳಬಹುದು: ಕೊಲ್ಲುವ ತೋಳಿಗಿಂತ ಕಾನೂನಿನ ಬಾಗಿಲೇ ಮೇಲೆಂದು ಕೃತಿ ಕೊನೆಗಾದರೂ ಒಪ್ಪಿಕೊಂಡಿತು.

ಹೀಗಿದ್ದೂ ಈ ಮೊದಲ ಪರ್ವವನ್ನು ನಮ್ಮ ಪ್ರೇಕ್ಷಕರು ನೋಡಬೇಕೆಂದೇ ನಾನು ಹೇಳುವೆ. ಮಕ್ಕಳನ್ನು ದೂರವಿರಿಸಿ ನೋಡಬೇಕು, ಏಕೆಂದರೆ ಬೀಭತ್ಸಕ್ಕೆ ಇಲ್ಲಿ ಬರವಿಲ್ಲ. ಹೂಂಗುಟ್ಟಿದ್ದೆಲ್ಲ ಒಪ್ಪಿಗೆಯಲ್ಲ, ನಕ್ಕದ್ದೆಲ್ಲ ಸಂತೋಷವಲ್ಲ ಎಂಬ ಮಾತನ್ನು ಉಪದೇಶವಾಗಿ ಕೇಳಿದವರು ಬಹಳ. ಅದನ್ನು ಸಾಕ್ಷ್ಯದ ಪ್ರಶ್ನೆಯಾಗಿ ಎದುರಿಗಿಟ್ಟು, ನೀನು ನ್ಯಾಯಾಧೀಶನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳುವ ಕೃತಿಗಳು ವಿರಳ.