ದಾನವೂ ತ್ಯಾಗವೂ: ಜಿ. ವಿ. ಅಯ್ಯರವರ ಚಿತ್ರಗಳನ್ನು ಕುರಿತು

ಗುಬ್ಬಿ ಕಂಪೆನಿಯ ಹೆಸರನ್ನೆತ್ತಿದೊಡನೆ ನಮ್ಮ ಜಿಲ್ಲೆಯವರು ವೀರಣ್ಣನವರ ವೈಭವವನ್ನೂ, 1934ರ 'ಕುರುಕ್ಷೇತ್ರ' ನಾಟಕದಲ್ಲಿ ರಂಗಕ್ಕೆ ಬಂದ ಜೀವಂತ ಆನೆ ಕುದುರೆಗಳನ್ನೂ ನೆನೆದು ತೃಪ್ತರಾಗುವುದು ವಾಡಿಕೆ. ತುಮಕೂರಿನಲ್ಲಿ ಆ ಮಹನೀಯರ ಹೆಸರಿನ ಕಲಾಕ್ಷೇತ್ರವಿರುವುದೂ ನಮಗೆ ಹೆಮ್ಮೆಯ ವಿಷಯವೇ. ಆದರೆ 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಆ ಸಂಘವನ್ನು ಅದರ ಆನೆಗಳಿಂದಲ್ಲದೆ ಅದು ಅನ್ನವಿಕ್ಕಿ ಬೆಳಸಿದ ಹುಡುಗರಿಂದಲೂ ಅಳೆಯಬೇಕಾಗಿದೆ. ಅಂಥ ಹುಡುಗರಲ್ಲೊಬ್ಬರು ಗಣಪತಿ ವೆಂಕಟರಮಣ ಅಯ್ಯರವರು. 1917ರಲ್ಲಿ ನಂಜನಗೂಡಿನಲ್ಲಿ ಜನಿಸಿ, ಎಂಟನೆಯ ವಯಸ್ಸಿನಲ್ಲಿಯೇ ಕಂಪೆನಿಯನ್ನು ಸೇರಿ, ಭಿತ್ತಿಪತ್ರಗಳನ್ನು ಬರೆಯುತ್ತ, ಸಣ್ಣ ಪುಟ್ಟ ವೇಷಗಳನ್ನು ಕಟ್ಟುತ್ತ ಬೆಳೆದವರು ಇವರು. ಗಾಂಧೀಜಿಯವರ ನಿಧನಾನಂತರ ಪಾದರಕ್ಷೆಯನ್ನು ತೊರೆದರೆಂಬುದೂ, 2003ರಲ್ಲಿ ತೀರಿಕೊಳ್ಳುವವರೆಗೆ ಬರಿಗಾಲಿನಲ್ಲಿಯೇ ನಡೆದರೆಂಬುದೂ ಲೋಕಪ್ರಸಿದ್ಧವಾಗಿದೆ. ಈ ಬರಿಗಾಲನ್ನು ಪತ್ರಿಕೆಯವರು ಒಂದು ವಿಚಿತ್ರವೆಂಬಂತೆ ಬರೆದದ್ದೇ ಹೆಚ್ಚು. ನನ್ನ ಅಲ್ಪಮತಿಗೆ ಅದು ಅವರ ಕಲೆಯ ಬೀಗದ ಕೈಯಂತೆ ತೋರುತ್ತದೆ.

ರಾಜಕೀಯ ಮನಸ್ಸುಳ್ಳ ಕಲಾವಿದನೆಂದರೆ ವೇದಿಕೆಯೇರಿ ಘೋಷಣೆ ಮಾಡುವವನೆಂದು ಕೆಲವರ ಎಣಿಕೆ. ಆಲಂಕಾರಿಕರು ಉಪದೇಶವನ್ನು ಮೂರು ಬಗೆಯಾಗಿ ಹೇಳಿರುವುದನ್ನು ವಾಚಕರು ಬಲ್ಲರು. ಒಡೆಯನು ಅಪ್ಪಣೆಮಾಡುವಂತೆ ಒಂದು, ಗೆಳೆಯನು ಹೇಳುವಂತೆ ಒಂದು, ಕಾಂತೆಯು ಮನವೊಲಿಸುವಂತೆ ಒಂದು. ರಾಜಕೀಯವನ್ನು ಹೇಳಹೊರಟ ಚಿತ್ರಗಳು ಬಹುಮಟ್ಟಿಗೆ ಮೊದಲನೆಯ ಬಗೆಗೇ ಜಾರುತ್ತವೆ. ಅಯ್ಯರವರು ಹಾಗೆ ಜಾರಲಿಲ್ಲ. ಅದಕ್ಕಾಗಿ ಅವರು ಬೇರೊಂದು ಬೆಲೆಯನ್ನು ತೆತ್ತರೇ ಎಂಬುದು ಪ್ರಕೃತ ವಿಚಾರ.

ಅವರ ಮೊದಲ ದಿನಗಳ ಕೆಲಸವನ್ನು ಬೇಗನೆ ದಾಟುತ್ತೇನೆ. 1954ರ 'ಬೇಡರ ಕಣ್ಣಪ್ಪ'ಕ್ಕೆ ಅವರು ಲೇಖನಿಯನ್ನೂ ಕೊಟ್ಟರು, ನಟನೆಯನ್ನೂ ಕೊಟ್ಟರು. ಅರ್ಚಕನ ಮಡಿಗಿಂತ ಬೇಡನ ಭಕ್ತಿ ಮಿಗಿಲೆಂಬ ಹಳೆಯ ಕಥೆಯೇ ಅದು. ಕನ್ನಡ ಚಿತ್ರೋದ್ಯಮಕ್ಕೆ ಕಷ್ಟ ಬಂದಾಗ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಅಯ್ಯರವರು ಕಲಾವಿದರ ಸಂಘವನ್ನು ಕಟ್ಟಿ, ಊರೂರಿನಲ್ಲಿ ನಾಟಕಗಳನ್ನಾಡಿ, 1960ರಲ್ಲಿ 'ರಣಧೀರ ಕಂಠೀರವ'ವನ್ನು ತಾವೇ ನಿರ್ಮಿಸಿದರು. ಸಾಹುಕಾರನಿಲ್ಲದೆ ಕಲಾವಿದರೇ ಕೂಡಿ ದುಡಿಯಬಹುದೆಂಬ ಪಾಠವನ್ನು ಕಂಪೆನಿಯ ಮನೆಯಲ್ಲಿ ಬೆಳೆದವರಿಗೆ ಬೇರೆಯವರು ಕಲಿಸಬೇಕಾಗಿರಲಿಲ್ಲ.

1962ರಲ್ಲಿ 'ಭೂದಾನ' ಬಂದಿತು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ವಿನೋಬಾರವರು ಭೂಮಿಯಿಲ್ಲದ ಹರಿಜನರಿಗಾಗಿ ಭೂಮಿಯನ್ನು ಬೇಡಿ ನೂರು ಎಕರೆಯ ದಾನ ಪಡೆದಾಗ ಮೊದಲಾದ ಚಳವಳಿಯೇ ಇದರ ಬೀಜ. ನೆಲವಿಲ್ಲದವನ ನೆಲದ ಹಂಬಲವೇ ಇದರ ಜೀವ. ಶಿವರಾಮ ಕಾರಂತರ 'ಚೋಮನ ದುಡಿ'ಯ ನೆರಳು ಇದರ ಮೇಲೆ ಬಿದ್ದಿದೆಯೆಂಬುದನ್ನು ಬಲ್ಲವರು ಅಂದೇ ಗುರುತಿಸಿದರು. ರಾಜಕುಮಾರ್, ಉದಯಕುಮಾರ್, ಕಲ್ಯಾಣಕುಮಾರ್ ಮೂವರನ್ನೂ ಒಂದೇ ತೆರೆಯ ಮೇಲೆ ತಂದು, ಜನ ಬರುವ ದಾರಿಯಲ್ಲಿಯೇ ಜನರ ಪ್ರಶ್ನೆಯನ್ನಿರಿಸಿದ್ದು ಅಯ್ಯರವರ ಜಾಣ್ಮೆ.

ಈ ಚಿತ್ರವನ್ನು ನಾನು ನೋಡಿದ್ದು ಸುಮಾರು 1970ರಲ್ಲಿ, ಕುಣಿಗಲಿನಲ್ಲಿ ಬಿಡಾರ ಹೂಡಿದ್ದ ಟೆಂಟು ಸಿನೆಮಾದಲ್ಲಿ. ಆಗ ನನಗೆ ಹತ್ತು ವರ್ಷ. ಕುಣಿಗಲ್ ದೊಡ್ಡಕೆರೆಯ ಕೆಳಗೆ ನಮ್ಮ ಅಜ್ಜನವರಿಗೆ ಎರಡು ಎಕರೆ ಗದ್ದೆಯಿದ್ದಿತು. ವಾರಕ್ಕೆ ಮಾಡುತ್ತಿದ್ದ ರೈತನೇ ನಮ್ಮನ್ನು ಗಾಡಿಯಲ್ಲಿ ಕರೆದೊಯ್ದನು. ಅಜ್ಜನವರು ಬೆಂಚಿನ ಮೇಲೆ, ಆತನು ಮರಳಿನ ಮೇಲೆ, ನಾನು ಇಬ್ಬರ ನಡುವೆ. ಹಿಂತಿರುಗುವಾಗ ಅಜ್ಜನವರು ಚಿತ್ರವನ್ನು ಹೊಗಳಿ, ದಾನವೆಂದರೆ ಹಾಗಿರಬೇಕೆಂದರು. ಆತನು ಎತ್ತುಗಳನ್ನು ನೋಡುತ್ತಲೇ, "ದಾನ ಅಂದ್ರೆ ಕೊಟ್ಟೋರ್ ಹೆಸ್ರು ಉಳೀತದೆ ಅಯ್ನೋರೆ, ಉತ್ತೋರ್ ಹೆಸ್ರು ಎಲ್ಲೈತೆ?" ಎಂದನು. ಅಜ್ಜನವರು ಮಾತನಾಡಲಿಲ್ಲ. ನಾಲ್ಕು ವರ್ಷಗಳ ಬಳಿಕ, 1974ರಲ್ಲಿ, ಭೂಸುಧಾರಣೆಯ ತಿದ್ದುಪಡಿ ಶಾಸನವು ಜಾರಿಗೆ ಬಂದು ಗೇಣಿಯ ಭೂಮಿಗಳೆಲ್ಲ ಸರ್ಕಾರಕ್ಕೆ ಸೇರಿದುವು. ಆತನು ಏಳನೆಯ ನಮೂನೆಯ ಅರ್ಜಿ ಹಾಕಿ ಆ ಎರಡು ಎಕರೆಯನ್ನು ಪಡೆದನು. ನಮ್ಮ ಮನೆಯಲ್ಲಿ ಅಂದು ಒಲೆ ಹೊತ್ತಲಿಲ್ಲ. ಅಜ್ಜನವರು 'ಭೂದಾನ'ದ ಹೆಸರನ್ನು ಮತ್ತೆ ಎತ್ತಲಿಲ್ಲ. ನಾನು ಈಗ ವಿಮರ್ಶಕನ ಆಸನದಲ್ಲಿ ಕುಳಿತು ಬರೆಯುತ್ತಿದ್ದರೂ ಆ ಗಾಡಿಯಿಂದ ಪೂರ್ಣವಾಗಿ ಇಳಿದವನಲ್ಲ. ಇದನ್ನು ವಾಚಕರು ಗಮನದಲ್ಲಿಟ್ಟುಕೊಳ್ಳಬೇಕು.

ಪಾಠಶಾಲೆಯಲ್ಲಿ ಗುರುಗಳು ದಾನದ ಲಕ್ಷಣವನ್ನು ಬಾಯಿಪಾಠ ಮಾಡಿಸಿದ್ದರು. ತನ್ನ ಸ್ವತ್ವವು ತೊಲಗಬೇಕು, ಪರರ ಸ್ವತ್ವವು ಉಂಟಾಗಬೇಕು. ಎರಡೂ ಕೂಡಿದರೆ ದಾನ. ಮೊದಲನೆಯದು ಮಾತ್ರವಾದರೆ ಅದು ತ್ಯಾಗವೇ ಹೊರತು ದಾನವಲ್ಲ. ಕಾಡಿಗೆ ಹೋಗುವವನು ಮನೆಯನ್ನು ತ್ಯಜಿಸುತ್ತಾನೆ, ಆದರೆ ಆ ಮನೆಯಲ್ಲಿ ಯಾರು ವಾಸಿಸಬೇಕೆಂಬುದನ್ನು ಅವನು ಚಿಂತಿಸಬೇಕಾಗಿಲ್ಲ. ಈ ಭೇದವನ್ನು ಹಿಡಿದು ನೋಡಿದರೆ ಅಯ್ಯರವರ ಕಲೆಯ ಹಾದಿ ನಿಚ್ಚಳವಾಗಿ ಕಾಣುತ್ತದೆ. 1962ರಲ್ಲಿ ಅವರ ಕಣ್ಣು ಎರಡರ ಮೇಲೂ ಇದ್ದಿತು. ಅನಂತರ ಎರಡನೆಯದು ಮೆಲ್ಲಮೆಲ್ಲನೆ ಮರೆಯಾಯಿತು.

ಹೀಗೆಂದಮಾತ್ರಕ್ಕೆ ಕಲೆಯು ಕುಂದಿತೆಂದು ಯಾರೂ ತಿಳಿಯಬಾರದು. 1975ರ 'ಹಂಸಗೀತೆ'ಯು ಅವರ ಕೃತಿಗಳಲ್ಲಿ ಅಗ್ರಗಣ್ಯವೆಂದೇ ನನ್ನ ದೃಢಮತ. ತ. ರಾ. ಸುಬ್ಬರಾಯರ ಕಾದಂಬರಿಯೇ ಇದಕ್ಕೆ ಮೂಲ. ಇದೇ ಕಾದಂಬರಿಯನ್ನು ಹಿಂದಿಯವರು 1956ರಲ್ಲಿಯೇ 'ಬಸಂತ್ ಬಹಾರ್' ಮಾಡಿದ್ದರು. ಅಲ್ಲಿ ಹಾಡುಗಳು ಸೊಗಸಾಗಿವೆ, ಆದರೆ ಚಿತ್ರದುರ್ಗದ ಬಂಡೆಗಳ ಬಿಸಿಲು ಅಲ್ಲಿಲ್ಲ. ಅಯ್ಯರವರಲ್ಲಿ ಅದಿದೆ. ಭೈರವಿ ವೆಂಕಟಸುಬ್ಬಯ್ಯನೆಂಬ ಗಾಯಕನು ಅರಸನ ಅಪ್ಪಣೆಗೆ ಹಾಡುವುದನ್ನೊಲ್ಲದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಕಂಪೆನಿಯ ನಾಟಕದಲ್ಲಾದರೆ ಇಂಥ ಘಟ್ಟಕ್ಕೆ ಮುನ್ನ ಒಂದು ದೀರ್ಘಭಾಷಣವಿರಲೇಬೇಕು, ಹಿಂದಿನ ಸಾಲಿನವರು ಒನ್ಸ್‌ಮೋರ್ ಕೂಗಲೇಬೇಕು. ಮಾತಿನ ಆ ಮನೆಯಲ್ಲಿಯೇ ಬೆಳೆದ ಅಯ್ಯರವರು ಇಲ್ಲಿ ಮಾತನ್ನು ಬಿಟ್ಟರು. ಯುವಕರಾಗಿದ್ದ ಅನಂತನಾಗರ ಮುಖವೂ, ಬಾಲಮುರಳೀಕೃಷ್ಣರ ಕಂಠವೂ ಉಳಿದವು. ಆ ಕಂಠಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು. ಪಾದರಕ್ಷೆಯನ್ನು ಬಿಟ್ಟವರು ಸಂಭಾಷಣೆಯನ್ನೂ ಬಿಡಬಲ್ಲರು. ಏನನ್ನು ಸೇರಿಸಲಿ ಎಂದಲ್ಲ, ಇನ್ನು ಏನನ್ನು ತೆಗೆಯಲಿ ಎಂದು ಕೇಳಿಕೊಳ್ಳುವುದೇ ಅವರ ಸೃಷ್ಟಿಕ್ರಮವೆಂದು ನಾನು ತಿಳಿಯುತ್ತೇನೆ.

ಆ ವರ್ಷದ ಜೂನ್ 25ರಂದು ದೇಶದಲ್ಲಿ ತುರ್ತುಪರಿಸ್ಥಿತಿಯ ಘೋಷಣೆಯಾಗಿದ್ದಿತು. ಅಯ್ಯರವರು ಅದನ್ನು ಕುರಿತು ಚಿತ್ರ ಮಾಡಿದರೆಂದು ನಾನು ಹೇಳುವುದಿಲ್ಲ. ಕಥೆ ಅದಕ್ಕಿಂತ ಬಹಳ ಹಳೆಯದು. ಆದರೆ ತುಮಕೂರಿನಲ್ಲಿ ನಮ್ಮ ಮೇಷ್ಟರೊಡನೆ ಅದನ್ನು ನೋಡಿ ಹೊರಬಂದಾಗ, ದಾರಿಯುದ್ದಕ್ಕೂ ಮಾತನಾಡುವ ಸ್ವಭಾವದ ಅವರು ಮನೆಯವರೆಗೂ ಒಂದು ಮಾತನ್ನೂ ಆಡಲಿಲ್ಲ. ಧ್ವನಿಯೆಂದರೆ ಇದೇ. ಇಲ್ಲಿ ಇನ್ನೊಂದು ವಿಶೇಷವುಂಟು. ನಮ್ಮ ಅಜ್ಜನವರ ಗದ್ದೆಯು ಪಿತ್ರಾರ್ಜಿತ, ಅದನ್ನು ಬಿಡುವುದರಲ್ಲಿ ಅವರ ಬೆವರಿನ ನಷ್ಟವಿರಲಿಲ್ಲ. ವೆಂಕಟಸುಬ್ಬಯ್ಯನ ಸ್ವರವಾದರೋ ವರ್ಷಾನುವರ್ಷದ ಸಾಧನೆಯಿಂದ ಬಂದದ್ದು. ದುಡಿದು ಗಳಿಸಿದ್ದನ್ನೇ ಬಿಡುವವನ ತ್ಯಾಗವನ್ನು ನಮ್ಮ ರೈತನೂ ಒಪ್ಪುತ್ತಿದ್ದನೇನೋ.

1983ರ 'ಆದಿ ಶಂಕರಾಚಾರ್ಯ'ವು ಸಂಸ್ಕೃತದ ಮೊದಲ ಚಲನಚಿತ್ರ. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಹಣ, ಬನ್ನಂಜೆ ಗೋವಿಂದಾಚಾರ್ಯರ ಸಂಭಾಷಣೆ. ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ. ಸಂಸ್ಕೃತವನ್ನೇ ಉಂಡು ಬೆಳೆದ ನನ್ನಂಥವನಿಗೆ ಅದೊಂದು ಹಬ್ಬವಾಗಿದ್ದಿತೆಂಬುದನ್ನು ಮುಚ್ಚಿಡಲಾರೆ. ಮೃತ್ಯುವನ್ನೂ ಪ್ರಜ್ಞೆಯನ್ನೂ ಇಬ್ಬರು ಮನುಷ್ಯರನ್ನಾಗಿ ಮಾಡಿ ಶಂಕರರ ಜೊತೆಯಲ್ಲಿ ನಡೆಯಿಸಿದ ಕಲ್ಪನೆಯು ಅಯ್ಯರವರ ಪ್ರತಿಭೆಗೆ ಸಾಕ್ಷಿ. ಭಾಷ್ಯವನ್ನೋದಿದವನಿಗೂ ಓದದವನಿಗೂ ಅದು ಸಮಾನವಾಗಿ ಅರ್ಥವಾಗುತ್ತದೆ. ಯಾವ ಪ್ರಾಂತದ ಮಾತೂ ಅಲ್ಲದ ಭಾಷೆಯಲ್ಲಿ ದೇಶಕ್ಕೆಲ್ಲ ಚಿತ್ರ ಮಾಡುವುದೂ ಒಂದು ರಾಜಕೀಯ ನಿರ್ಧಾರವೇ. ಆದರೆ ನನ್ನ ಪಕ್ಕದಲ್ಲಿ ಅಂದು ಆ ರೈತನು ಕುಳಿತಿದ್ದರೆ ಅವನಿಗೆ ಯಾವ ಸಾಲು ಮುಟ್ಟುತ್ತಿತ್ತೆಂದು ಆಗ ನಾನು ಯೋಚಿಸಲಿಲ್ಲ. ಈಗ ಯೋಚಿಸುತ್ತೇನೆ. ಟೆಂಟಿನ ಮರಳಿನ ಮೇಲೆ ಕುಳಿತವರಿಗಾಗಿ ಮೂವರು ಕುಮಾರರನ್ನು ಕೂಡಿಸಿದವರು ಇಲ್ಲಿ ಆ ಮರಳನ್ನೇ ಮರೆತಿದ್ದಾರೆ. 1986ರ 'ಮಧ್ವಾಚಾರ್ಯ', 1989ರ 'ರಾಮಾನುಜಾಚಾರ್ಯ', 1993ರ 'ಭಗವದ್ಗೀತೆ', ಇವುಗಳಲ್ಲಿ ಶ್ರದ್ಧೆ ಹೆಚ್ಚುತ್ತ ಹೋದಂತೆ ನೆಲದ ವಾಸನೆ ಕಡಿಮೆಯಾಗುತ್ತ ಹೋಯಿತು.

ಅಯ್ಯರವರು ಬಿಟ್ಟುಬಂದ ಆ ಎರಡನೆಯ ಭಾಗವನ್ನು ಯಾರೂ ಎತ್ತಿಕೊಳ್ಳಲಿಲ್ಲವೆಂದೂ ಅಲ್ಲ. ಮನೆಬಿಟ್ಟು ಓಡಿಬಂದು ಇದೇ ಗುಬ್ಬಿ ಕಂಪೆನಿಯನ್ನು ಸೇರಿದ ಇನ್ನೊಬ್ಬ ಹುಡುಗ, ವೀರಣ್ಣನವರು ಕಾಶಿಗೆ ಕಳುಹಿಸಿ ಓದಿಸಿದ ಬಿ. ವಿ. ಕಾರಂತರು, 'ಹಂಸಗೀತೆ'ಯ ವರ್ಷದಲ್ಲಿಯೇ 'ಚೋಮನ ದುಡಿ'ಯನ್ನು ತೆರೆಗೆ ತಂದರು. ಅಲ್ಲಿ ಕೊಡುವವನ ಹಿರಿಮೆಯಿಲ್ಲ, ನೆಲ ಸಿಕ್ಕದವನ ದುಡಿಯ ಸದ್ದೊಂದೇ ಇದೆ. ಒಬ್ಬನು ನಾಲಗೆಯನ್ನು ಕತ್ತರಿಸಿಕೊಂಡು ಮೂಕನಾಗುತ್ತಾನೆ, ಇನ್ನೊಬ್ಬನಿಗೆ ಮಾತಿಗೆ ಅವಕಾಶವೇ ಇಲ್ಲದುದರಿಂದ ದುಡಿಯನ್ನು ಬಡಿಯುತ್ತಾನೆ. ಒಂದೇ ವರ್ಷದಲ್ಲಿ, ಒಂದೇ ಅಡಿಗೆಮನೆಯ ಅನ್ನವುಂಡ ಇಬ್ಬರಿಂದ ಬಂದ ಈ ಎರಡು ಚಿತ್ರಗಳನ್ನು ಒಂದರ ಮುಂದೊಂದರಂತೆ, 'ಭೂದಾನ'ವನ್ನು ಮೊದಲಿಗಿಟ್ಟು, ಗುಬ್ಬಿಯಲ್ಲಿಯೇ ಒಮ್ಮೆ ತೋರಿಸಬೇಕೆಂದು ನಮ್ಮ ಸಂಘದ ಕಾರ್ಯದರ್ಶಿಗಳನ್ನು ಬೇಡಿಕೊಳ್ಳುತ್ತೇನೆ. ಆ ರೈತನ ಮೊಮ್ಮಗನು ಈಗಲೂ ಅದೇ ಗದ್ದೆಯನ್ನು ಮಾಡುತ್ತಿದ್ದಾನೆ. ಆತನನ್ನು ಕರೆತರುವ ಹೊಣೆ ನನ್ನದು.