ಎರಡೂ ಕೈ ಬೇಡುವ ಪೇಟಿ

ಪಂಡಿತ ಪುಟ್ಟರಾಜ ಗವಾಯಿಗಳನ್ನು ಹೊಗಳುವವರು ಮೊದಲು ವಾದ್ಯಗಳನ್ನು ಎಣಿಸುತ್ತಾರೆ. ಪೇಟಿ, ತಬಲಾ, ಪಿಟೀಲು, ಸಾರಂಗಿ ಎಂದು ಬೆರಳು ಮಡಚುತ್ತ ಹೋಗುತ್ತಾರೆ. ಕಣ್ಣಿಲ್ಲದವರು ಇಷ್ಟೆಲ್ಲ ಕಲಿತರಲ್ಲ ಎಂಬ ಬೆರಗು ಸಹಜವೇ. ಆದರೆ ಎಣಿಕೆ ಮುಗಿಯುವ ಹೊತ್ತಿಗೆ ಅವರ ಸಂಗೀತದ ಮಾತು ಮರೆತೇ ಹೋಗಿರುತ್ತದೆ.

ನಮ್ಮ ಹಿರೇಹಂದಿಗೋಳದವರಿಗೆ ಗದಗಿನ ವೀರೇಶ್ವರ ಪುಣ್ಯಾಶ್ರಮ ನೆರೆಮನೆ ಇದ್ದಂತೆ. ಅಜ್ಜಾವರು 2010ರಲ್ಲಿ ಲಿಂಗೈಕ್ಯರಾದರು. ಅವರು ತಾವೇ ಪೇಟಿ ನುಡಿಸುತ್ತ ಹಾಡಿದ ಧ್ವನಿಮುದ್ರಣಗಳನ್ನು ಈಗ ಸಂಜೆ ಹೊತ್ತು ಮತ್ತೆ ಕೇಳುತ್ತಿದ್ದೇನೆ. ಕೇಳುವಾಗ ನನ್ನ ಗಮನವೆಲ್ಲ ಒಂದರ ಮೇಲೆಯೇ: ದನಿ ಏಳುವಾಗ ಕೈ ಏನು ಮಾಡುತ್ತದೆ?

ಪೇಟಿಯ ಎಡಗೈ ತಿದಿ ಒತ್ತುತ್ತದೆ, ಬಲಗೈ ಮನೆ ಹಿಡಿಯುತ್ತದೆ. ಹಾಡುವವರಿಗೆ ಒಂದು ಉಸಿರಾದರೆ ಪೇಟಿಗೆ ಇನ್ನೊಂದು ಉಸಿರು. ಎರಡನ್ನೂ ಒಬ್ಬರೇ ಸಾಗಿಸಬೇಕು. ಅಲ್ಲದೆ ಪೇಟಿಯ ಸ್ವರಗಳು ಇಟ್ಟಲ್ಲೇ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬಾರದು. ಈ ಕೊರತೆಯನ್ನೂ ಮುಂದೆ ಮಾಡಿ ಆಕಾಶವಾಣಿ 1940ರಲ್ಲಿ ಪೇಟಿಯನ್ನು ಹೊರಗಿಟ್ಟಿತ್ತು. 1971ರಲ್ಲಿ ಆ ನಿಷೇಧ ಸಡಿಲವಾಯಿತು.

ಗವಾಯಿಗಳಿಗೆ ಈ ಕೊರತೆ ಗೊತ್ತಿತ್ತು ಎಂದು ನನ್ನ ಕಿವಿ ಹೇಳುತ್ತದೆ. ದನಿ ಜಾರುವಲ್ಲಿ ಬೆರಳು ಒಂದೇ ಸ್ವರವನ್ನು ಹಿಡಿದು ಕಾಯುತ್ತದೆ. ದನಿ ಉಸಿರು ಎಳೆದುಕೊಳ್ಳುವ ಚಣದಲ್ಲಿ ಬೆರಳು ಓಡಿ ಬಂದು ಖಾಲಿ ಜಾಗ ತುಂಬುತ್ತದೆ. ಯಾರು ಹೆಚ್ಚು ಎಂಬ ಜಗಳ ಅಲ್ಲಿಲ್ಲ. ಆದರೆ ಎಲ್ಲ ಧ್ವನಿಮುದ್ರಣಗಳೂ ಹಾಗಿಲ್ಲ ಎನ್ನಬೇಕು. ಕೆಲವದರಲ್ಲಿ ಮೈಕು ಪೇಟಿಗೆ ಹತ್ತಿರವಾಗಿ ದನಿ ಹಿಂದೆ ಸರಿದಿದೆ. ಮಾತು ತಿಳಿಯಲು ಕಿವಿ ಚಾಚಬೇಕು. ಭಕ್ತಿಯಿಂದ ಅದನ್ನೂ ಚೆಂದವೆನ್ನುವುದು ಅವರಿಗೆ ಗೌರವ ತಂದಂತಾಗುವುದಿಲ್ಲ.

ಅಮೆರಿಕದ ಜಾಝ್ ಕಲಾವಿದ ನ್ಯಾಟ್ ಕಿಂಗ್ ಕೋಲ್‌ನ ಹಾಡುಗಳನ್ನು ನನಗೆ ಕೇಳಿಸಿದವನು ಬೆಂಗಳೂರಿನಲ್ಲಿರುವ ಅಕ್ಕನ ಮಗ. ಕೋಲ್ 1937ರಲ್ಲಿ ಮೂವರ ಮೇಳ ಕಟ್ಟಿದಾಗ ಪಿಯಾನೋದಿಂದಲೇ ಹೆಸರಾದವನು. ಆಮೇಲೆ ಅವನ ಕಂಠವನ್ನು ಜನ ಎಷ್ಟು ಮೆಚ್ಚಿದರೆಂದರೆ, ದೊಡ್ಡ ವಾದ್ಯವೃಂದದ ಮುಂದೆ ನಿಂತು ಬರೇ ಹಾಡುವವನಾದ. 1956ರಲ್ಲಿ 'ಆಫ್ಟರ್ ಮಿಡ್‌ನೈಟ್' ಧ್ವನಿಮುದ್ರಣಕ್ಕೆ ಮತ್ತೆ ಪಿಯಾನೋ ಮುಂದೆ ಕೂತ. ಅದರಲ್ಲಿ ದನಿ ನಿಂತಲ್ಲಿ ಬೆರಳು ಮಾತು ಮುಂದುವರಿಸುವುದನ್ನು ಕೇಳಿ, ನನಗೆ ನಮ್ಮ ಅಜ್ಜಾವರೇ ನೆನಪಾದರು.

ಇದು ನನಗೇಕೆ ಇಷ್ಟು ತಾಗುತ್ತದೆ ಎಂದರೆ, ನಾನೂ ಲಗ್ನಕ್ಕೆ ಮೊದಲು ಪೇಟಿ ಕಲಿತವಳು. ಹೆಣ್ಣು ನೋಡಲು ಬಂದವರು ಒಂದು ಹಾಡು ಹೇಳಿಸಿದರು. ಪೇಟಿ ತೆಗೆ ಎನ್ನಲಿಲ್ಲ. ಅತ್ತೆಯ ಮನೆಯಲ್ಲಿ ಹಾಡು ಉಳಿಯಿತು, ಯಾಕೆಂದರೆ ರೊಟ್ಟಿ ಬಡಿಯುತ್ತಲೇ ಹಾಡಬಹುದು. ಪೇಟಿ ಎರಡೂ ಕೈ ಬೇಡುತ್ತದೆ. ಇಪ್ಪತ್ತು ವರ್ಷ ಅದು ಅಟ್ಟದ ಮೇಲೆಯೇ ಇತ್ತು. ಹೆಂಗಸಿನ ಕಂಠಕ್ಕೆ ಮನೆಯಲ್ಲಿ ಜಾಗ ಸಿಕ್ಕೀತು. ಅವಳ ಬಿಡುವಾದ ಎರಡು ಕೈಗಳಿಗೆ ಸಿಗುವುದು ಕಷ್ಟ.

ಈಗ ಸಾಲೆಯ ಪ್ರಾರ್ಥನೆಗೆ ಪೇಟಿ ನಾನೇ ನುಡಿಸುತ್ತೇನೆ. ಮೊದಮೊದಲು ಕೈ ದನಿಗಿಂತ ಮುಂದೆ ಓಡುತ್ತಿತ್ತು. ಮೊನ್ನೆ ಏಳನೇತ್ತೆಯ ಹುಡುಗಿಯೊಬ್ಬಳು ಕೇಳಿದಳು, "ಅಕ್ಕಾರ, ನೀವು ಹಾಡೂಮುಂದ ಪೇಟಿ ಯಾಕ ಮೆತ್ತಗಾಗ್ತದ?"

"ನಾ ಹಾಡೂದು ಅದು ಕೇಳಾಕತ್ತಿರ್ತದ" ಎಂದೆ. ಮರುದಿನದಿಂದ ಅವಳನ್ನೇ ಪೇಟಿಯ ಮುಂದೆ ಕೂರಿಸಿದ್ದೇನೆ.