ಕಪ್ಪೇ ಚೆಂದ
ಹಾಟ್ ರಾಡ್, ಅಂದರೆ ವೇಗಕ್ಕಾಗಿ ಮಾರ್ಪಡಿಸಿದ ಹಳೆಯ ಕಾರು, ಎಂದೊಡನೆ ನನ್ನ ಕಣ್ಣ ಮುಂದೆ ಮೊದಲು ಬರುವುದು 1932ರ ಫೋರ್ಡ್ ರೋಡ್‌ಸ್ಟರ್. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು 1940ರ ದಶಕದಲ್ಲಿ ಇಂಥ ಕಾರುಗಳ ಮಡ್‌ಗಾರ್ಡ್ ಕಳಚಿ, ಫ್ಲಾಟ್‌ಹೆಡ್ ವಿ-8 ಎಂಜಿನ್‌ಗೆ ಹೆಚ್ಚುವರಿ ಕಾರ್ಬ್ಯುರೇಟರ್ ಕೂರಿಸಿ, ಎಲ್ ಮಿರಾಜ್‌ನ ಒಣಕೆರೆಯ ಮೇಲೆ ಓಡಿಸುತ್ತಿದ್ದರು. ಅದೇ ಶೈಲಿಯಲ್ಲಿ ಈಗ ಕಾರು ಕಟ್ಟುವವರನ್ನು ಕಾಡುವುದು ಬಣ್ಣದ ಪ್ರಶ್ನೆ. ಬರೀ ಪ್ರೈಮರ್‌ನಲ್ಲೇ ಬಿಡುವುದೂ ಹಳೆಯ ರೂಢಿಯೇ, ಅದರ ಹುರುಪೇ ಬೇರೆ. ಆದರೂ ನಾನು ಮನಸೋಲುವುದು ಕಪ್ಪು ಲ್ಯಾಕರ್‌ಗೆ. ತೆಳುವಾಗಿ ಪದರದ ಮೇಲೆ ಪದರ ಹೊಡೆಯಬೇಕು, ನೀರು ಬಿಡುತ್ತ ವಾಟರ್ ಪೇಪರ್‌ನಲ್ಲಿ ತಿಕ್ಕಬೇಕು, ಆಮೇಲೆ ಪಾಲಿಶ್. ಬಾಗಿಲ ತಗಡು ಎಲ್ಲಾದರೂ ಚೂರೇ ಚೂರು ತಗ್ಗಿದ್ದರೂ ಅಲ್ಲಿ ಬಿದ್ದ ಟ್ಯೂಬ್‌ಲೈಟಿನ ಪ್ರತಿಬಿಂಬ ಸೊಟ್ಟಗಾಗುತ್ತದೆ. ಟಿಂಕರಿಂಗ್ ಮಾಡಿದ ಕೈಗೆ ಇದಕ್ಕಿಂತ ಕಠಿಣ ಪರೀಕ್ಷೆಯಿಲ್ಲ. ಕಟ್ಟುವವರಲ್ಲಿ ನನ್ನ ಕೋರಿಕೆ ಇಷ್ಟೇ: ತಗಡು ನೇರವಾಗಿದ್ದರೆ ಕಪ್ಪನ್ನೇ ಆರಿಸಿಕೊಳ್ಳಿ.